ಮೊದಲ ಸಾಲಿನಲ್ಲಿ ಕೂತವರು

ಪ್ರಶ್ನೆ: ನಾನು ನಿವೃತ್ತ ಶಾಲಾ ಶಿಕ್ಷಕಿ. ಬೆಂಗಳೂರಿನಲ್ಲಿರುವ ಮಗಳು ಕಳೆದ ತಿಂಗಳು ನನ್ನನ್ನೂ ನಮ್ಮ ಯಜಮಾನರನ್ನೂ ಕನ್ನಡದ ಸ್ಟ್ಯಾಂಡ್ ಅಪ್ ಕಾಮಿಡಿ ಕಾರ್ಯಕ್ರಮಕ್ಕೆ ಕರೆದುಕೊಂಡು ಹೋಗಿದ್ದಳು. ಮೊದಲ ಸಾಲಿನಲ್ಲಿ ಕೂತಿದ್ದೆವು. ಹಾಸ್ಯಗಾರ ಇವರನ್ನು ನೋಡಿ ‘ಅಂಕಲ್, ಏನ್ ಕೆಲಸದಲ್ಲಿದ್ರಿ?’ ಎಂದು ಕೇಳಿದ. ವಿದ್ಯುತ್ ಇಲಾಖೆಯಲ್ಲಿ ಎಂದರು. ‘ನಾನು ಎಸ್ಸೆಸ್ಸೆಲ್ಸಿ ಫೇಲಾಗಿದ್ದು ಯಾರಿಂದ ಅಂತ ಇವತ್ತು ಗೊತ್ತಾಯ್ತು’ ಎಂದ. ನಾವೂ ನಕ್ಕೆವು. ಆಮೇಲೆ ಇವರು ಮಾತಿನ ನಡುವೆ ‘ಇಸ್ಕೂಲ್’ ಎಂದರೆಂದು ಆ ಪದವನ್ನೇ ಹಿಡಿದುಕೊಂಡು ಕಾರ್ಯಕ್ರಮ ಮುಗಿಯುವುದರೊಳಗೆ ನಾಲ್ಕು ಸಲ ಅಣಕಿಸಿದ. ಮೆಟ್ರೊದಲ್ಲಿ ಮನೆ ಸೇರುವವರೆಗೆ ಇವರು ಒಂದು ಮಾತೂ ಆಡಲಿಲ್ಲ. ನಮ್ಮೂರಿನ ಹಾಸ್ಯೋತ್ಸವಗಳಿಗೆ ಎಷ್ಟೋ ವರ್ಷಗಳಿಂದ ಹೋಗುತ್ತಿದ್ದೇವೆ, ಹೀಗೆಂದೂ ಆಗಿರಲಿಲ್ಲ. ಇದನ್ನು ಹಾಸ್ಯವೆನ್ನಬಹುದೇ? ಮಗಳು ಮತ್ತೆ ಕರೆಯುತ್ತಿದ್ದಾಳೆ, ಹೋಗಬೇಕೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ನೀವು ಬರೆದಿರುವ ಎರಡು ಮಾತುಗಳನ್ನು ಬೇರೆಬೇರೆಯಾಗಿಯೇ ನೋಡಬೇಕು. ಮೊದಲನೆಯದರಲ್ಲಿ ಫೇಲಾದ ಹುಡುಗ ಹಾಸ್ಯಗಾರನೇ. ನಿಮ್ಮ ಯಜಮಾನರ ಕೆಲಸ ಅವನಿಗೆ ಹತ್ತುವ ಮೆಟ್ಟಿಲಾಯಿತೇ ಹೊರತು ನಗೆ ಬಿದ್ದದ್ದು ಅವನ ಮೇಲೆ; ಪರೀಕ್ಷೆಯ ಹಿಂದಿನ ರಾತ್ರಿ ಕರೆಂಟು ಹೋಗಿ ಬುಡ್ಡಿದೀಪದ ಮುಂದೆ ಪುಸ್ತಕ ಹಿಡಿದು ಕೂತಿದ್ದ ಎಲ್ಲರೂ ಆ ನಗೆಯೊಳಗಿದ್ದರು, ಅದರಿಂದಲೇ ನೀವೂ ನಕ್ಕಿರಿ. ಎರಡನೆಯದರಲ್ಲಿ ನಿಮ್ಮ ಯಜಮಾನರ ಹೊರತು ಇನ್ಯಾರೂ ಇಲ್ಲ. ‘ಇಸ್ಕೂಲು’ ಎಂಬುದು ನಮ್ಮ ಹಳ್ಳಿಗಳಲ್ಲಿ ತಲೆಮಾರುಗಳಿಂದ ಬಳಕೆಯಲ್ಲಿರುವ, ಕನ್ನಡದ ನಾಲಿಗೆ ತನಗೆ ಒಗ್ಗುವಂತೆ ಮಾಡಿಕೊಂಡ ಪದ. ಅದನ್ನು ತಪ್ಪೆಂಬಂತೆ ನಾಲ್ಕು ಸಲ ಎತ್ತಿ ತೋರಿಸುವುದರಲ್ಲಿ ಕಲ್ಪನೆಯೂ ಇಲ್ಲ, ಶ್ರಮವೂ ಇಲ್ಲ. ಅವರು ಮೌನವಾದದ್ದು ಸಹಜ. ‘ತಮಾಷೆಗೆ ಹೇಳಿದ್ದು, ಮನಸ್ಸಿಗೆ ಹಚ್ಚಿಕೊಳ್ಳಬೇಡಿ’ ಎಂದು ನಾನು ಅವರಿಗೆ ಹೇಳಲಾರೆ.

ಹಾಸ್ಯೋತ್ಸವದಲ್ಲಿ ಹೀಗಾಗದಿರಲು ಅದರ ರಚನೆಯೇ ಕಾರಣ. ಅಲ್ಲಿ ವೇದಿಕೆ ಎತ್ತರದಲ್ಲಿರುತ್ತದೆ, ಎದುರಿಗೆ ನೂರಾರು ಜನರಿರುತ್ತಾರೆ. ಗಂಗಾವತಿ ಪ್ರಾಣೇಶ್ ಅವರಾಗಲಿ ಪ್ರೊ. ಕೃಷ್ಣೇಗೌಡರಾಗಲಿ ಮಾತಿಗೆ ನಿಂತರೆ ಬೀಚಿಯವರ ತಿಂಮ, ಊರಿನ ಮೇಷ್ಟ್ರು, ಮದುವೆಮನೆಯ ಬೀಗರು ಒಬ್ಬೊಬ್ಬರಾಗಿ ಬಂದು ಹೋಗುತ್ತಾರೆ. ನಗೆಗೆ ಗುರಿಯಾದವರು ಸಾಮಾನ್ಯವಾಗಿ ಸಭೆಯಲ್ಲಿರುವುದೇ ಇಲ್ಲ. ಸ್ಟ್ಯಾಂಡ್ ಅಪ್ ನಡೆಯುವುದು ಹೆಚ್ಚಾಗಿ ಐವತ್ತು, ನೂರು ಕುರ್ಚಿಗಳ ಕೋಣೆಯಲ್ಲಿ. ಒಂದು ಮೈಕು, ಒಂದು ಸ್ಟೂಲು, ಅದರ ಮೇಲೊಂದು ನೀರಿನ ಬಾಟಲಿ, ಅಷ್ಟೆ. ಮಾತಾಡುವವರು ತಮ್ಮ ತಾಯಿಯ ಬೈಗುಳ, ಮುರಿದುಬಿದ್ದ ಸಂಬಂಧ, ಕಚೇರಿಯ ಮ್ಯಾನೇಜರ್ ಎಂದು ತಮ್ಮ ಬದುಕನ್ನೇ ಹರವಿಕೊಳ್ಳುತ್ತಾರೆ. ಹಾಗೆ ತೆರೆದುಕೊಂಡವರು ಎದುರಿಗಿರುವವರನ್ನೂ ಮಾತಿಗೆಳೆಯುವುದಕ್ಕೆ ಆ ವಲಯದಲ್ಲಿ ‘ಕ್ರೌಡ್ ವರ್ಕ್’ ಎನ್ನುತ್ತಾರೆ. ಮೊದಲ ಸಾಲಿನವರು ಇದಕ್ಕೆ ಒಪ್ಪಿಯೇ ಕೂತಿದ್ದಾರೆಂಬ ಗ್ರಹಿಕೆ ಅಲ್ಲಿದೆ, ಆದರೆ ಆ ಮಾತನ್ನು ನಿಮಗೆ ಯಾರೂ ಮುಂಚಿತವಾಗಿ ಹೇಳಿರಲಿಲ್ಲ.

ಹಾಗೆಂದು ಎದುರಿಗಿದ್ದವರನ್ನು, ಅಂದಂದಿನ ಸುದ್ದಿಯನ್ನು ಹಿಡಿದು ಸ್ಥಳದಲ್ಲೇ ಮಾತು ಕಟ್ಟುವುದು ನಮಗೆ ಹೊಸದೇನಲ್ಲ. ಯಕ್ಷಗಾನದ ಹಾಸ್ಯಗಾರ ಬರೆದಿಟ್ಟ ಸಂಭಾಷಣೆ ಇಲ್ಲದೆಯೇ ರಂಗಕ್ಕೆ ಬರುತ್ತಾನೆ. ಮಾಸ್ಟರ್ ಹಿರಣ್ಣಯ್ಯನವರ ನಾಟಕದಲ್ಲಿ ಅಂದಿನ ರಾಜಕೀಯ ಅಂದೇ ಮಾತಾಗಿ ಸೇರಿಕೊಳ್ಳುತ್ತಿತ್ತು, ಒಮ್ಮೆ ನೋಡಿದವರು ಮತ್ತೆ ಬರುತ್ತಿದ್ದುದೂ ಅದಕ್ಕಾಗಿಯೇ. ಆದರೆ ಹಿರಣ್ಣಯ್ಯನವರ ಬಾಣ ಹೋಗುತ್ತಿದ್ದುದು ಲಂಚಕೋರ ಅಧಿಕಾರಿ, ಮಂತ್ರಿಗಳ ಕಡೆಗೆ. ಟಿಕೆಟ್ಟು ಕೊಂಡು ನಗಲು ಬಂದ ನಿವೃತ್ತ ನೌಕರರ ಉಚ್ಚಾರಣೆಯ ಕಡೆಗೆ ಬಿಟ್ಟ ಬಾಣವನ್ನು ಅದರ ಪಕ್ಕದಲ್ಲಿಟ್ಟು ನೋಡಿ.

ಮತ್ತೆ ಹೋಗಿ ಎಂಬುದೇ ನನ್ನ ಸಲಹೆ, ಯಜಮಾನರಿಗೆ ಮನಸ್ಸಿದ್ದರೆ ಮಾತ್ರ. ನಾಲ್ಕನೆಯ ಸಾಲಿನಲ್ಲೋ ಇನ್ನೂ ಹಿಂದೆಯೋ ಕೂರಿ. ತಡವಾಗಿ ಒಳಬರುವವರ ಮೇಲೆ ಎಲ್ಲರ ಕಣ್ಣು ಬೀಳುವುದರಿಂದ ಕಾಲು ಗಂಟೆ ಮೊದಲೇ ಹೋಗಿ. ಟಿಕೆಟ್ ಕೊಳ್ಳುವಾಗ ಭಾಷೆ ಯಾವುದು, ವಯಸ್ಸಿನ ಮಿತಿ ಎಷ್ಟು ಎಂಬುದನ್ನು ಮಗಳು ನೋಡಲಿ. ಮಿತಿ 18 ಎಂದಿದ್ದರೆ ಬೈಗುಳವೂ ಹಾಸಿಗೆಯ ಮಾತೂ ಬರಬಹುದೆಂದು ತಿಳಿಯಬೇಕು. ಯಾರಾದರೂ ಮಾತಿಗೆಳೆದರೆ ‘ಬೇಡಪ್ಪ’ ಎನ್ನುವ ಹಕ್ಕು ನಿಮಗಿದೆ. ಜಯನಗರದ ಒಂದು ಮಹಡಿಯ ಕೋಣೆಯಲ್ಲಿ ಎಪ್ಪತ್ತರ ಆಸುಪಾಸಿನ ಅಜ್ಜಿಯೊಬ್ಬರು ‘ನಾನು ನಗೋಕೆ ಬಂದಿದೀನಿ, ಮಾತಾಡೋ ಕೆಲಸ ನಿಂದು’ ಎಂದದ್ದನ್ನು ನಾನು ಕಂಡಿದ್ದೇನೆ. ಆ ಹುಡುಗ ಮೈಕನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಎರಡೂ ಕೈ ಜೋಡಿಸಿ, ಮುಂದಿನ ಮಾತಿಗೆ ಹೋದ. ಇಡೀ ಸಂಜೆಯಲ್ಲಿ ಅಷ್ಟು ದೊಡ್ಡ ಚಪ್ಪಾಳೆ ಇನ್ನೊಮ್ಮೆ ಬೀಳಲಿಲ್ಲ.

ಇನ್ನೊಂದು ಮಾತು. ಕಾರ್ಯಕ್ರಮ ಮುಗಿದ ಮೇಲೆ ಈ ಹಾಸ್ಯಗಾರರು ಅನೇಕ ಸಲ ಬಾಗಿಲ ಬಳಿಯೇ ನಿಂತಿರುತ್ತಾರೆ. ನಿಮಗೆ ನೋವಾದದ್ದನ್ನು ಆ ಯುವಕನಿಗೆ ತಿಳಿಸಿ. ಈಗಲಾದರೂ ಮಗಳ ಮೂಲಕ ನಾಲ್ಕು ಸಾಲು ಬರೆಸಿ. ಯಾವ ಮಾತಿಗೆ ಕೋಣೆ ನಕ್ಕಿತೆಂಬುದು ಅವನಿಗೆ ಅಲ್ಲಿಯೇ ತಿಳಿಯುತ್ತದೆ, ಯಾರು ನಗದೆ ಮನೆಗೆ ಹೋದರೆಂಬುದು ಯಾರಾದರೂ ಹೇಳದ ಹೊರತು ತಿಳಿಯುವುದಿಲ್ಲ.

ಪ್ರಶ್ನೆ: ಇಂಥ ಕಾರ್ಯಕ್ರಮಗಳಲ್ಲಿ ಮೊಬೈಲಿನಲ್ಲಿ ಚಿತ್ರೀಕರಿಸಲು ಏಕೆ ಬಿಡುವುದಿಲ್ಲ?
– ಓದುಗರೊಬ್ಬರು, ತುಮಕೂರು

ಉತ್ತರ: ಒಂದು ಗಂಟೆಯ ಮಾತನ್ನು ಹತ್ತಾರು ಕಡೆ ಆಡಿ, ತಿದ್ದಿ ಹದಕ್ಕೆ ತರಲು ತಿಂಗಳುಗಟ್ಟಲೆ ಹಿಡಿಯುತ್ತದೆ. ಹಾಡನ್ನು ಜನ ಮತ್ತೆ ಮತ್ತೆ ಕೇಳುತ್ತಾರೆ. ಮೊಬೈಲಿನ ತುಣುಕು ಹರಡಿ ನಗೆಮಾತಿನ ಕೊನೆ ಮೊದಲೇ ಗೊತ್ತಾದರೆ ಅದರ ಕಸುವು ಹೋಗುತ್ತದೆ.

ಪ್ರಶ್ನೆ: ಬೆಂಗಳೂರಿನಲ್ಲಿ ಓಪನ್ ಮೈಕ್‌ನಲ್ಲಿ, ಅಂದರೆ ಹೊಸಬರೂ ಹೆಸರು ಕೊಟ್ಟು ಕೆಲವು ನಿಮಿಷ ಮಾತಾಡಬಹುದಾದ ವೇದಿಕೆಯಲ್ಲಿ, ಮಾತಾಡುವ ಆಸೆಯಿದೆ. ನನ್ನ ಮಂಡ್ಯದ ಮಾತು ಅಲ್ಲಿ ನಡೆಯುತ್ತದೆಯೇ, ಇಂಗ್ಲಿಷ್ ಬೆರೆಸಬೇಕೇ?
– ಓದುಗರೊಬ್ಬರು, ಮಂಡ್ಯ

ಉತ್ತರ: ನಿಮ್ಮ ಮನೆಯಲ್ಲಿ ಆಡುವ ಮಾತನ್ನೇ ಆಡಿ. ಪ್ರಾಣೇಶರ ಉತ್ತರ ಕರ್ನಾಟಕದ ಮಾತಿಗೆ ಬೆಂಗಳೂರು, ಮೈಸೂರುಗಳು ಹೊಟ್ಟೆ ಹುಣ್ಣಾಗುವಂತೆ ನಕ್ಕಿವೆ. ಕೈಲಾಸಂ ನಾಟಕಗಳಲ್ಲಿ ಕನ್ನಡ, ಇಂಗ್ಲಿಷ್ ಬೆರೆತದ್ದು ಅವರ ಸುತ್ತಲಿನ ಜನ ಹಾಗೆ ಮಾತಾಡುತ್ತಿದ್ದುದರಿಂದ. ನಿಮ್ಮ ಸುತ್ತ ಹಾಗಿಲ್ಲದಿದ್ದರೆ ಬೆರೆಸುವ ಅಗತ್ಯವಿಲ್ಲ. ಆಯೋಜಕರ ಇನ್‌ಸ್ಟಾಗ್ರಾಂ ಪುಟಗಳಲ್ಲಿ ಹೆಸರು ನೋಂದಾಯಿಸುವ ವಿವರವಿರುತ್ತದೆ. ಸಿಗುವುದು ನಾಲ್ಕೈದು ನಿಮಿಷ, ಎದುರಿಗಿರುವ ಇಪ್ಪತ್ತು ಮೂವತ್ತು ಜನರಲ್ಲಿ ಅರ್ಧದಷ್ಟು ಮಂದಿ ತಮ್ಮ ಸರದಿಗೆ ಕಾಯುತ್ತಿರುವವರೇ. ಅವರು ಸುಲಭವಾಗಿ ನಗುವುದಿಲ್ಲ, ಅದರಿಂದ ಎದೆಗುಂದಬೇಡಿ. ಮೊದಲ ಕೆಲವು ಸಲ ಯಾರನ್ನೂ ಮಾತಿಗೆಳೆಯದೆ ನಿಮ್ಮ ಕಥೆಯನ್ನಷ್ಟೇ ಹೇಳಿ. ಒಂದು ನಿಮಿಷ ಉಳಿದಿದೆ ಎನ್ನುವಾಗ ಹಿಂದಿನಿಂದ ಮೊಬೈಲಿನ ಬೆಳಕು ತೋರಿಸುತ್ತಾರೆ. ಅದು ಕಂಡ ಕೂಡಲೇ ಹಿಡಿದ ಮಾತನ್ನು ಮುಗಿಸಿ, ಮುಂದಿನವರಿಗೆ ಮೈಕು ಬಿಟ್ಟುಕೊಡಿ.