ಕೊರಿಯನ್ ಕಲಿಯುವಾಗ ಕನ್ನಡವನ್ನು ಪಕ್ಕದಲ್ಲೇ ಇಟ್ಟುಕೊಳ್ಳಿ

ಆ್ಯಪ್‌ನಲ್ಲಿ ದಿನಾ ಪದ ಕಲಿತರೂ ಒಂದು ವಾಕ್ಯ ಹೇಳಲು ಬಾಯಿ ಬರುತ್ತಿಲ್ಲ, ಹೇಗೆ ಅಭ್ಯಾಸ ಮಾಡಬೇಕು ಎಂದು ಕೇಳಿದ್ದೀರಿ. ನನ್ನ ಮೊದಲ ಸಲಹೆ: ನಿಮ್ಮ ನೋಟ್ಸ್‌ನಲ್ಲಿ ಅರ್ಥಗಳನ್ನು ಇಂಗ್ಲಿಷಿನಲ್ಲಿ ಬರೆಯುತ್ತಿದ್ದರೆ ಇವತ್ತೇ ಕನ್ನಡಕ್ಕೆ ಬದಲಿಸಿ.

'ಚೊನುನ್ ಹಕ್ಕ್ಯೊಎ ಕಾಯೊ' ಎಂದರೆ 'ನಾನು ಶಾಲೆಗೆ ಹೋಗುತ್ತೇನೆ'. ಪದಗಳ ಸಾಲು ಹಾಗೇ ಇದೆ, ಕ್ರಿಯಾಪದ ಕೊನೆಗೆ, 'ಗೆ' ಇರುವ ಕಡೆಯಲ್ಲೇ 'ಎ'. ಇನ್ನೂ ಮುಂದೆ ಹೋದರೆ ಖುಷಿಯಾಗುತ್ತದೆ. 'ಮೊಗೊ ಬ್ವಾಯೊ' ಅಂದರೆ 'ತಿಂದು ನೋಡಿ', 'ಇಲ್ಗೊ ಜುಸೆಯೊ' ಅಂದರೆ 'ಓದಿ ಕೊಡಿ', 'ಇಜೊ ಬೊರ್ಯೊಸ್ಸೊಯೊ' ಅಂದರೆ 'ಮರೆತುಬಿಟ್ಟೆ'. ನೋಡು, ಕೊಡು, ಬಿಡು ಇವನ್ನೆಲ್ಲ ಇನ್ನೊಂದು ಕ್ರಿಯಾಪದದ ಬೆನ್ನಿಗೆ ಹಚ್ಚುವುದು ನಮಗೆ ಹುಟ್ಟಿನಿಂದ ಬಂದ ಅಭ್ಯಾಸ. ಇಂಗ್ಲಿಷ್ ಮೂಲಕ ಹೋದರೆ ಇವನ್ನೇ ಒಂದೊಂದು ಹೊಸ ನಿಯಮವಾಗಿ ಉರು ಹೊಡೆಯಬೇಕು. ಹಾಗಾಗಿ ದಿನಾ ನೀವು ಮನೆಯಲ್ಲಿ ಆಡಿದ ನಾಲ್ಕೈದು ಮಾತುಗಳನ್ನೇ ತೆಗೆದುಕೊಂಡು ಕೊರಿಯನ್‌ನಲ್ಲಿ ಬರೆಯಿರಿ, ಜೋರಾಗಿ ಹೇಳಿ. ಬಿಡಿ ಪದಗಳ ಪಟ್ಟಿಗಿಂತ ಇದು ಎಷ್ಟೋ ಮೇಲು.

ಕನ್ನಡ ಕೈಕೊಡುವ ಜಾಗಗಳೂ ಇವೆ. ಹೋದೆ, ಹೋದ, ಹೋದಳು ಎಲ್ಲಕ್ಕೂ ಅಲ್ಲಿ ಒಂದೇ 'ಕಾಸ್ಸೊಯೊ'. ಆದರೆ 'ಮಳೆ ಬರ್ತಿದೆ' ಅನ್ನುವ ಮಾತಿನ ಕೊನೆ ಕೂಡ ನೀವು ಅದನ್ನು ಗೆಳೆಯನಿಗೆ ಹೇಳುತ್ತೀರೋ ಹಿರಿಯರಿಗೆ ಹೇಳುತ್ತೀರೋ ಎನ್ನುವುದರ ಮೇಲೆ ಬದಲಾಗುತ್ತದೆ. ಶುರುವಿನಲ್ಲಿ 'ಯೊ' ಎಂದು ಮುಗಿಯುವ ಮರ್ಯಾದೆಯ ರೂಪವೊಂದನ್ನೇ ಗಟ್ಟಿ ಮಾಡಿಕೊಳ್ಳಿ. ಮಾತಿನ ವಿಷಯ ತೋರಿಸುವ 'ನುನ್' ಎಲ್ಲಿ, ಕರ್ತೃವನ್ನು ತೋರಿಸುವ 'ಗಾ' ಎಲ್ಲಿ ಎಂಬುದಕ್ಕೆ ಮಾತ್ರ ವಾಕ್ಯಗಳನ್ನು ಕೂಡಿಹಾಕುವುದೇ ದಾರಿ.

ಓದಲು ಸುಲಭವಾಗಲೆಂದು ನಾನಿಲ್ಲಿ ಕನ್ನಡ ಲಿಪಿ ಬಳಸಿದ್ದೇನೆ, ನಿಮ್ಮ ಪುಸ್ತಕದಲ್ಲಿ ಹಾಗೆ ಮಾಡಬೇಡಿ. ಕೊರಿಯಾದ ದೊರೆ ಸೆಜೊಂಗ್ 1446ರಲ್ಲಿ ಜನರ ಮುಂದಿಟ್ಟ ಹಂಗುಲ್ ಲಿಪಿಯಲ್ಲಿ ಈಗ ಮೂಲಾಕ್ಷರ 24 ಮಾತ್ರ, ಬೇಗ ಕೈಗೆ ಹತ್ತುತ್ತದೆ. ಗಂಟಲು ಬಿಗಿಹಿಡಿದು ನುಡಿಯುವ ಅವರ ಬಿಗಿ ವ್ಯಂಜನಗಳು ನಮ್ಮ ಕ-ಖ-ಗ ಸಾಲಿನಲ್ಲಿ ಕೂರುವುದಿಲ್ಲ, ಕಿವಿಯಿಂದಲೇ ಕಲಿಯಬೇಕು. ಬರೆದದ್ದು 'ಹಪ್ನಿದಾ', ನುಡಿಯುವುದು 'ಹಮ್ನಿದಾ' ಎಂದಾಗ ಗಾಬರಿ ಬೇಡ. ವಾಕ್ ಮತ್ತು ಮಯ ಸೇರಿ ವಾಙ್ಮಯ ಆಗುವ ಸಂಧಿ ನೆನಪಿಸಿಕೊಳ್ಳಿ, ಇದೂ ಅದೇ ಬಗೆ.

ಕೇಳುವ ಅಭ್ಯಾಸಕ್ಕೆ ಒಂದು ನಿಮಿಷದ ಸಂಭಾಷಣೆ ಸಾಕು. ಕೇಳಿ, ಹಂಗುಲ್‌ನಲ್ಲಿ ಬರೆದುಕೊಳ್ಳಿ, ಮೂಲಪಾಠದ ಜೊತೆ ತಾಳೆ ನೋಡಿ, ಆಮೇಲೆ ಅದೇ ವೇಗದಲ್ಲಿ ಹೇಳಿ ಫೋನಿನಲ್ಲಿ ರೆಕಾರ್ಡ್ ಮಾಡಿ. ಮರುದಿನವೂ ಅದನ್ನೇ ಹಿಡಿಯಿರಿ. ಹೊಸದಕ್ಕೆ ಹಾರುವ ಆಸೆ ತಡೆದುಕೊಳ್ಳುವುದೇ ಇಲ್ಲಿ ಕಷ್ಟ. ಕಿಂಗ್ ಸೆಜೊಂಗ್ ಇನ್‌ಸ್ಟಿಟ್ಯೂಟ್‌ನ ಆನ್‌ಲೈನ್ ಪಾಠಗಳಿಂದ ಶುರು ಮಾಡಬಹುದು.

ಅಂಕಿಗಳಿಗೆ ಎರಡು ಬಗೆಯ ಎಣಿಕೆ ಇದೆ: ಗಂಟೆಗೆ ಅಚ್ಚ ಕೊರಿಯನ್, ನಿಮಿಷಕ್ಕೆ ಚೀನಾ ಮೂಲದ್ದು. ಗಡಿಯಾರ ನೋಡಿದಾಗಲೆಲ್ಲ ಸಮಯ ಹೇಳಿಕೊಳ್ಳಿ: 3 ಗಂಟೆ 10 ನಿಮಿಷ, 'ಸೆ ಶಿ ಶಿಪ್ ಬುನ್'.

ಕೊರಿಯನ್ ಎಷ್ಟು ಬರುತ್ತದೆ ಎಂದು ಅಳೆಯುವ ಟೋಪಿಕ್ ಪರೀಕ್ಷೆ ಬರೆಯುವ ಯೋಚನೆಯಿದ್ದರೆ ಒಂದು ಮಾತು. ಹೊಸದಾಗಿ ಕಲಿಯುವವರ ಟೋಪಿಕ್ 1ರಲ್ಲಿ ಕೇಳುವುದು ಮತ್ತು ಓದುವುದು ಮಾತ್ರ, ಒಟ್ಟು 200 ಅಂಕ, 140 ಬಂದರೆ ಎರಡನೇ ಹಂತ. ಮಾತಾಡುವ ಭಾಗವೇ ಅದರಲ್ಲಿಲ್ಲ. ನಿಮ್ಮ ತೊಂದರೆ ಮಾತಿನದ್ದೇ ಆದ್ದರಿಂದ ಪರೀಕ್ಷೆಯ ತಯಾರಿ ನಡೆಯುವ ದಿನಗಳಲ್ಲೂ ರೆಕಾರ್ಡಿಂಗ್ ಬಿಡಬೇಡಿ.