ಶಾಲೆ ಮಕ್ಕಳನ್ನು ಕರೆದುಕೊಂಡು ಹೋಗಿ ಲಂಟಾನ ಕೀಳಿಸಿದರೆ ನಿಜವಾಗಿ ಏನಾದರೂ ಪ್ರಯೋಜನ ಇದೆಯಾ?

ಊರ ಹಿಂದಿನ ಗುಡ್ಡದ ತುಂಬ ಲಂಟಾನ, ಅಂದರೆ ಹೊರಗಿನಿಂದ ಬಂದು ತನ್ನಡಿ ಹುಲ್ಲನ್ನೂ ಬೆಳೆಯಗೊಡದ ಪೊದೆ ಗಿಡ, ಹಬ್ಬಿದೆ, ಇಕೋ ಕ್ಲಬ್ ಮಕ್ಕಳನ್ನು ಒಂದು ಭಾನುವಾರ ಕರೆದುಕೊಂಡು ಹೋಗಿ ಕಡಿಸಿದರೆ ಹೇಗೆ ಅಂತ ಕೇಳಿದ್ದೀರಿ. ಒಂದು ಭಾನುವಾರದ ಕೆಲಸವಾದರೆ ಬೇಡ, ಬಿಟ್ಟುಬಿಡಿ. ಅದೇ ಜಾಗಕ್ಕೆ ಮೂರು ಮಳೆಗಾಲ ಹೋಗುವ ಮನಸ್ಸಿದ್ದರೆ ಖಂಡಿತ ಮಾಡಿ.

ನಾನು ಗುಂಡ್ಲುಪೇಟೆ ಕಡೆಯ ಕಾಡಂಚಿನ ಊರೊಂದರಲ್ಲಿ ಮೇಷ್ಟ್ರು. ಮೊದಲ ವರ್ಷ ನಾವು ಮಾಡಿದ್ದೂ ನೀವು ಹೇಳಿದ ಹಾಗೇ. ಬ್ಯಾನರ್ ಕಟ್ಟಿದೆವು, ಫೋಟೊ ತೆಗೆಸಿಕೊಂಡೆವು, ಮಕ್ಕಳಿಗೆ ಚಿತ್ರಾನ್ನ ಹಂಚಿದೆವು. ದೊಡ್ಡವರು ಮಚ್ಚು ಹಿಡಿದು ಶಾಲೆ ಹಿಂದಿನ ಗೋಮಾಳದಲ್ಲಿ ಮೊಣಕಾಲೆತ್ತರಕ್ಕೆ ಕಡಿದರು. ಒಣಗಿದ ಮೇಲೆ ರಾಶಿ ಹಾಕಿ ಬೆಂಕಿಯನ್ನೂ ಇಟ್ಟೆವು. ಮುಂಗಾರು ಬಿದ್ದು ತಿಂಗಳಾಗುವಷ್ಟರಲ್ಲಿ ಒಂದೊಂದು ಬುಡದಲ್ಲಿ ಎಂಟು ಹತ್ತು ಚಿಗುರು! ಕುರಿ ಮೇಯಿಸುವ ಅಜ್ಜನೊಬ್ಬ ನೋಡಿ ನಕ್ಕ. "ಮೇಷ್ಟ್ರೇ, ಗಿಡುಕ್ಕೆ ಚೌರ ಮಾಡುಸ್ಬುಟ್ರಿ, ಅಷ್ಟೇಯ" ಅಂದ.

ತಪ್ಪು ಎಲ್ಲಿ ಅಂತ ಆಮೇಲೆ ತಿಳಿಯಿತು. ಲಂಟಾನ ಮತ್ತೆ ಚಿಗುರುವುದು ಮಣ್ಣಿನ ಮಟ್ಟದಲ್ಲಿ, ಕಾಂಡ ಬೇರಿಗೆ ಕೂಡುವ ಗಂಟಿನಿಂದ. ಮೇಲೆ ಎಷ್ಟು ಕಡಿದರೂ ಆ ಗಂಟು ಹಾಗೇ ಇರುತ್ತದೆ. ದೆಹಲಿ ವಿಶ್ವವಿದ್ಯಾಲಯದ ಪ್ರೊ. ಸಿ.ಆರ್. ಬಾಬು ಅವರ ತಂಡ ಇದಕ್ಕೆ ಒಂದು ಸುಲಭದ ದಾರಿ ತೋರಿಸಿದೆ. ಗುದ್ದಲಿಯಿಂದ ಬುಡದ ಮಣ್ಣು ಸ್ವಲ್ಪ ಸರಿಸಿ, ನೆಲದಿಂದ 3ರಿಂದ 5 ಸೆಂ.ಮೀ. ಕೆಳಗೆ ತಾಯಿಬೇರನ್ನು ಕತ್ತರಿಸಬೇಕು. ಆಮೇಲೆ ಇಡೀ ಪೊದೆಯನ್ನು ತಲೆಕೆಳಗಾಗಿ ಮಗುಚಿ ಹಾಕಬೇಕು. ಬುಡ ಆಕಾಶ ನೋಡುತ್ತಾ ಒಣಗಿಹೋಗುತ್ತದೆ. ಬೇರನ್ನು ಪೂರ್ತಿ ಅಗೆದು ತೆಗೆಯುವ ಗೋಜಿಲ್ಲ. ಹಾಗೆ ಅಗೆದರೆ ಮಣ್ಣು ಜಾಸ್ತಿ ಕದಡಿ, ಒಳಗೆ ಮಲಗಿರುವ ಬೀಜಗಳಿಗೆ ನಾವೇ ಉತ್ತು ಕೊಟ್ಟಂತೆ. ಹಣ್ಣು ಬಿಡುವ ಮೊದಲೇ ಈ ಕೆಲಸ ಮುಗಿಸಬೇಕು.

ಇದು ದೊಡ್ಡವರ ಕೆಲಸ. ಮಕ್ಕಳ ಕೈಗೆ ಮಚ್ಚು ಕೊಡಬೇಡಿ. ಅವರ ಕೆಲಸ ಶುರುವಾಗುವುದು ಮಳೆ ಬಿದ್ದ ಮೇಲೆ. ನೆಲ ಮೆತ್ತಗಿರುವಾಗ ಬೆರಳುದ್ದದ ಲಂಟಾನ ಸಸಿ ಬೇರು ಸಮೇತ ಸಲೀಸಾಗಿ ಬರುತ್ತದೆ. ಎಲ್ಲಕ್ಕಿಂತ ಮೊದಲು ಮರಗಳ ಬುಡ ನೋಡಿಸಿ. ಪಿಕಳಾರ ಹಕ್ಕಿಗಳು ಲಂಟಾನದ ಹಣ್ಣು ತಿಂದು ಕೊಂಬೆಯ ಮೇಲೆ ಕೂತು ಹಿಕ್ಕೆ ಹಾಕುತ್ತವಲ್ಲ, ಸಸಿಗಳು ಹೆಚ್ಚು ಸಿಗುವುದು ಅಲ್ಲೇ.

ಆದರೆ ಗುರುತು ಹಿಡಿಯುವುದನ್ನು ಕಲಿಸದೆ ಕೀಳಲು ಬಿಡಬೇಡಿ. "ಕಾಂಡ ಚೌಕ, ಎಲೆ ಎದುರುಬದುರು" ಅಂತ ಹೇಳಿ ನಾನು ಸುಮ್ಮನಾದೆ. ಆರನೇ ಕ್ಲಾಸಿನವರು ಅರ್ಧ ಗಂಟೆಯಲ್ಲಿ ಒಂದು ಬುಟ್ಟಿ ತುಂಬ ತುಂಬೆ ಗಿಡ ಕಿತ್ತು ತಂದರು. ತುಂಬೆ ಕಾಂಡವೂ ಚೌಕವೇ ಅಲ್ವಾ! ಮಕ್ಕಳದ್ದೇನು ತಪ್ಪು. ಈಗ ಮೊದಲು ಎಲೆ ಉಜ್ಜಿ ಮೂಸಿಸುತ್ತೇನೆ. ಲಂಟಾನದ ಆ ಘಾಟು ಒಮ್ಮೆ ಮೂಗಿಗೆ ಹತ್ತಿದರೆ ಮರೆಯುವುದಿಲ್ಲ. ಅನುಮಾನ ಬಂದರೆ ಕೀಳದೆ ಪಕ್ಕಕ್ಕೆ ಒಂದು ಕಲ್ಲಿಟ್ಟು ಬಾ ಅನ್ನುತ್ತೇನೆ.

ಇನ್ನೊಂದು ದಿನ ಒಬ್ಬ ಹುಡುಗಿ ಕೇಳಿದಳು: "ಸಾರ್, ಇದಕ್ಕೆ ಇಷ್ಟೊಂದು ಚಿಟ್ಟೆ ಬರ್ತವೆ, ಮತ್ಯಾಕೆ ಕೀಳ್ಬೇಕು?" ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಅವತ್ತು ಕೀಳುವುದನ್ನು ನಿಲ್ಲಿಸಿ ಎಲ್ಲರೂ ಒಂದು ಪೊದೆಯ ಮುಂದೆ ಕೂತೆವು. ಲಂಟಾನದ ಒಂದೇ ಗೊಂಚಲಿನಲ್ಲಿ ನಡುವೆ ಹಳದಿ, ಸುತ್ತ ಗುಲಾಬಿ ಹೂ ಇರುತ್ತವೆ. ಹೊಸ ಹೂ ಹಳದಿ, ಅದರಲ್ಲಿ ಮಕರಂದ ಇರುತ್ತದೆ. ಹಳತಾದ ಹಾಗೆ ಬಣ್ಣ ತಿರುಗುತ್ತದೆ. ಚಿಟ್ಟೆ ಯಾವ ಬಣ್ಣದ ಮೇಲೆ ಎಷ್ಟು ಸಲ ಕೂರುತ್ತದೆ ಅಂತ ಮಕ್ಕಳು ಗೀಟು ಹಾಕಿದರು. ಹಳದಿಯ ಕಡೆ ಗೀಟು ತುಂಬಿತು, ಗುಲಾಬಿಯ ಕಡೆ ಹೆಚ್ಚುಕಮ್ಮಿ ಖಾಲಿ. ಆಮೇಲೆ ಪೊದೆಯ ಅಡಿಗೆ ಬಗ್ಗಿ ನೋಡಲು ಹೇಳಿದೆ. ಕತ್ತಲು. ಒಂದು ಎಸಳು ಹುಲ್ಲಿಲ್ಲ. "ಚಿಟ್ಟೆಗೆ ಊಟ ಇದೆ, ದನಕ್ಕೆ ಇಲ್ಲ" ಅಂತ ಒಬ್ಬ ಹೇಳಿದ. ಚಿಟ್ಟೆಯ ಹುಳುವಿಗೆ ಬೇಕಾದ ಎಲೆಯೂ ಅಲ್ಲಿ ಬೆಳೆಯುವುದಿಲ್ಲ ಅಂತ ಅದಕ್ಕೆ ನಾನು ಸೇರಿಸಿದೆ. ನನ್ನ ಲೆಕ್ಕದಲ್ಲಿ ನೂರು ಪೊದೆ ಕಿತ್ತದ್ದಕ್ಕಿಂತ ಆ ಒಂದು ಗಂಟೆ ದೊಡ್ಡದು.

ಆದ್ದರಿಂದ ಕಿತ್ತ ಜಾಗದಲ್ಲಿ ಹಗ್ಗ ಹಿಡಿದು ಹತ್ತಡಿಯ ಒಂದು ಚೌಕ ಮಾಡಿ, ಕೀಳದ ಕಡೆ ಇನ್ನೊಂದು. ತಿಂಗಳಿಗೊಮ್ಮೆ ಎರಡರಲ್ಲೂ ಏನೇನು ಹುಟ್ಟಿದೆ ಅಂತ ಮಕ್ಕಳು ಬರೆಯಲಿ. ಹೆಸರು ಗೊತ್ತಿಲ್ಲದ್ದನ್ನು ಮನೆಗೆ ಒಯ್ದು ಅಜ್ಜಿಗೆ ತೋರಿಸಿ ಕೇಳಿಕೊಂಡು ಬರಲಿ. ನಮ್ಮ ಚೌಕದಲ್ಲಿ ಮೊದಲು ಎದ್ದದ್ದು ಕಾಂಗ್ರೆಸ್ ಗಿಡ, ಅಂದರೆ ಪಾರ್ಥೇನಿಯಂ! ಬೇಜಾರಾಯಿತು. ಅದನ್ನು ಹೂ ಬಿಡುವ ಮೊದಲೇ ದೊಡ್ಡವರು ಕೈಗವಸು ಹಾಕಿ ಕೀಳಬೇಕು, ಮೈ ತುರಿಕೆ ಬರುತ್ತದೆ. ಎರಡನೇ ಮಳೆಗಾಲಕ್ಕೆ ಹುಲ್ಲು ಹಿಡಿಯಿತು, ಅಲ್ಲಲ್ಲಿ ತಂಗಡಿ ಬಂತು. ನಾವು ನೆಟ್ಟ ಹೊಂಗೆ ಸಸಿಗಳಲ್ಲಿ ಅರ್ಧ ಉಳಿದವು.

ಹಿರಿಯರನ್ನು ಕೇಳಿ ಅಂದೆನಲ್ಲ, ಅದು ಸುಮ್ನೆ ಹೇಳಿದ್ದಲ್ಲ. ಬಿಳಿಗಿರಿರಂಗನ ಬೆಟ್ಟದ ಕಾಡಿನ ಬುಡಕಟ್ಟಿನವರಾದ ಸೋಲಿಗರು ಹಿಂದೆ ಬೇಸಿಗೆಯ ಶುರುವಿನಲ್ಲಿ ತರಗೆಲೆಗೆ ಸಣ್ಣ ಬೆಂಕಿ ಹಾಕುತ್ತಿದ್ದರು. ಅವರು ಅದನ್ನು ತರಗು ಬೆಂಕಿ ಅನ್ನುತ್ತಾರೆ. ಕಾಡು ಅಭಯಾರಣ್ಯವಾದ ಮೇಲೆ ಅದು ನಿಂತಿತು, ಲಂಟಾನ ಹೀಗೆ ಏರಿದ್ದು ಆಮೇಲೆಯೇ ಅನ್ನುವುದು ಅವರ ಮಾತು. ಹಾಗಂತ ನೀವು ಬೆಂಕಿ ಹಾಕಬೇಡಿ. ಈಗಿನ ದಟ್ಟ ಪೊದೆಗೆ ಕಿಡಿ ತಾಗಿದರೆ ಅದು ಸಣ್ಣ ಬೆಂಕಿಯಾಗಿ ಉಳಿಯುವುದಿಲ್ಲ. ಲಂಟಾನವನ್ನು ಬ್ರಿಟಿಷರು 1800ರ ದಶಕದ ಆರಂಭದಲ್ಲಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ತಂದದ್ದು ಅಂದಕ್ಕೆ. ಅಲ್ಲಿಂದ ಬೇಲಿಗೆ, ಬೇಲಿಯಿಂದ ಬಂಡೀಪುರದವರೆಗೆ ಬಂತು.

ಕೆಲವು ಎಚ್ಚರಿಕೆ. ಗುಡ್ಡ ಅರಣ್ಯ ಇಲಾಖೆಯದ್ದಾದರೆ ಅನುಮತಿ ಇಲ್ಲದೆ ಕಾಲಿಡಬೇಡಿ. ಗೋಮಾಳವಾದರೆ ಪಂಚಾಯಿತಿಯಲ್ಲಿ ಒಂದು ಮಾತು ಹೇಳಿಬಿಡಿ. ನಮ್ಮ ಕಡೆಯಂತೂ ದಟ್ಟ ಪೊದೆಯೊಳಗೆ ಹಂದಿ, ಚಿರತೆ ಮಲಗಿರಬಹುದು. ದೊಡ್ಡವರು ಮೊದಲು ಸದ್ದು ಮಾಡುತ್ತಾ ಸುತ್ತಿ ಬರಲಿ. ನೀವು ಮಲೆನಾಡಿನವರಾದರೆ ಬೇಸಿಗೆಯಲ್ಲಿ ಮಕ್ಕಳನ್ನು ಪೊದೆಗೆ ಇಳಿಸಲೇಬೇಡಿ. ಮಂಗನ ಕಾಯಿಲೆ ಹರಡುವ ಉಣ್ಣೆ ಹುಳುಗಳ ಕಾಲ ಅದು. ಮತ್ತೆ, ನಾವೆಲ್ಲ ಚಿಕ್ಕವರಿದ್ದಾಗ ಲಂಟಾನದ ಕಪ್ಪು ಹಣ್ಣು ತಿಂದವರೇ, ಆದರೆ ಹಸಿರು ಕಾಯಿ ವಿಷ. ಹೇಳಿ ಕಳಿಸಿ.

ಕಡಿದ ಕಡ್ಡಿ ಏನು ಮಾಡುವುದು ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಮಲೆ ಮಹದೇಶ್ವರ ಬೆಟ್ಟದಲ್ಲಿ ಸೋಲಿಗರು ಲಂಟಾನ ಕಡ್ಡಿಯನ್ನು ಬೇಯಿಸಿ, ತೊಗಟೆ ಸುಲಿದು, ಬಿಸಿ ಇರುವಾಗಲೇ ಬಗ್ಗಿಸಿ ಕುರ್ಚಿ, ಬುಟ್ಟಿ ಮಾಡುತ್ತಾರೆ. 2024ರಲ್ಲಿ ಲಾಲ್‌ಬಾಗ್‌ನಲ್ಲಿ ನಿಂತಿದ್ದ ಆನೆಗಳ ಹಿಂಡು ನೆನಪಿದೆಯಾ? ಅವು ಲಂಟಾನದವೇ, ಕಾಡಿನ ಜನರ ಕೈಯಲ್ಲಿ ಆದವು. ನಮ್ಮ ಮಕ್ಕಳು ಅಷ್ಟೆಲ್ಲ ಮಾಡಲಿಲ್ಲ. ಪೆನ್ ಸ್ಟ್ಯಾಂಡ್ ಮಾಡಲು ಹೋಗಿ ಅದು ನಿಲ್ಲಲೇ ಇಲ್ಲ. ಉಳಿದ ಕಡ್ಡಿಯನ್ನು ಬಿಸಿಯೂಟದ ಅಕ್ಕ ಶಾಲೆ ತೋಟದ ಹೀರೆ ಬಳ್ಳಿಗೆ ಚಪ್ಪರ ಕಟ್ಟಲು ಕೊಂಡುಹೋದರು.