ತಟ್ಟೆಯಲ್ಲಿ ಬೆಳೆಯುವ ಮ್ಯಾಕ್ರೊಫೇಜ್

ಪ್ರಶ್ನೆ: ರಕ್ತದಲ್ಲಿ ಸಂಚರಿಸುವ ಮೊನೊಸೈಟ್‌ಗಳು ಅಂಗಾಂಶಗಳನ್ನು ಹೊಕ್ಕು, ರೋಗಾಣುಗಳನ್ನು ನುಂಗುವ ಮ್ಯಾಕ್ರೊಫೇಜ್‌ಗಳಾಗುತ್ತವೆ ಎಂದು ಓದಿದ್ದೇನೆ. ಪ್ರಯೋಗಾಲಯದಲ್ಲಿ ಈ ಬದಲಾವಣೆಯನ್ನು ಹೇಗೆ ಉಂಟುಮಾಡುತ್ತಾರೆ? ಹಾಗೆ ದೊರೆತ ಜೀವಕೋಶಗಳು ದೇಹದಲ್ಲಿರುವಂಥವೇ ಆಗಿರುತ್ತವೆಯೇ?
– ಜೀವವಿಜ್ಞಾನದ ವಿದ್ಯಾರ್ಥಿನಿ

ಉತ್ತರ: ಬಿಳಿ ರಕ್ತಕಣಗಳಲ್ಲಿ ಮೊನೊಸೈಟ್‌ಗಳ ಪಾಲು ಸುಮಾರು ಶೇ 2ರಿಂದ 10 ಮಾತ್ರ. ಆದ್ದರಿಂದ ಮೊದಲ ಕೆಲಸ ಅವುಗಳನ್ನು ಬೇರ್ಪಡಿಸುವುದು. ತೆಳುಗೊಳಿಸಿದ ರಕ್ತವನ್ನು ಫೈಕಾಲ್ ಎಂಬ ದ್ರಾವಣದ ಮೇಲೆ ಮೆಲ್ಲನೆ ಸುರಿದು ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿದಾಗ, ಸಾಂದ್ರತೆ ಹೆಚ್ಚಿರುವ ಕೆಂಪು ರಕ್ತಕಣಗಳು ತಳ ಸೇರುತ್ತವೆ. ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳು ಮತ್ತು ಮೊನೊಸೈಟ್‌ಗಳು ನಡುವೆ ಬೆಳ್ಳನೆಯ ಪದರವಾಗಿ ನಿಲ್ಲುತ್ತವೆ. ಈ ಪದರದಿಂದ ಮೊನೊಸೈಟ್‌ಗಳನ್ನು ಆರಿಸಲು, ಅವುಗಳ ಮೇಲ್ಮೈಯಲ್ಲಿರುವ ಸಿಡಿ14 ಪ್ರೋಟೀನಿಗೆ ಅಂಟುವ ಪ್ರತಿಕಾಯ ಹೊತ್ತ ಕಾಂತೀಯ ಮಣಿಗಳನ್ನು ಬಳಸುತ್ತಾರೆ. ಮೊನೊಸೈಟ್‌ಗಳು ಪ್ಲಾಸ್ಟಿಕ್‌ಗೆ ಅಂಟಿಕೊಳ್ಳುವುದರಿಂದ, ಒಂದೆರಡು ಗಂಟೆ ತಟ್ಟೆಯಲ್ಲಿಟ್ಟು, ಅಂಟದವನ್ನು ತೊಳೆದು ತೆಗೆಯುವ ಹಳೆಯ ವಿಧಾನವೂ ಉಂಟು. ಅಗ್ಗವಾದರೂ ಅದರಲ್ಲಿ ಶುದ್ಧತೆ ಕಡಿಮೆ.

ಅನಂತರ ಈ ಕೋಶಗಳನ್ನು ಸೀರಮ್ ಬೆರೆಸಿದ ಪೋಷಕ ದ್ರಾವಣದಲ್ಲಿ, 37 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಮತ್ತು ಶೇ 5 ಇಂಗಾಲದ ಡೈಆಕ್ಸೈಡ್ ಇರುವ ಇನ್‌ಕ್ಯುಬೇಟರ್‌ನಲ್ಲಿ ಸುಮಾರು ಒಂದು ವಾರ ಇಡುತ್ತಾರೆ. ನಿರ್ಣಾಯಕವಾದದ್ದು ದ್ರಾವಣಕ್ಕೆ ಸೇರಿಸುವ ಎಂ-ಸಿಎಸ್‌ಎಫ್ ಎಂಬ ಸಂಕೇತ ಪ್ರೋಟೀನು. ಬದುಕಿಸುವ ಸಂಕೇತ ಯಾವುದೂ ದೊರೆಯದಿದ್ದರೆ ಬಹುಪಾಲು ಮೊನೊಸೈಟ್‌ಗಳು ಕೆಲವೇ ದಿನಗಳಲ್ಲಿ ಸಾಯುತ್ತವೆ. ದೊರೆತರೆ ಅವು ಹಿಗ್ಗುತ್ತವೆ, ತಟ್ಟೆಗೆ ಬಿಗಿಯಾಗಿ ಅಂಟುತ್ತವೆ, ಒಳಗೆ ಜೀರ್ಣಕಿಣ್ವಗಳ ಲೈಸೋಸೋಮ್‌ಗಳು ಹೆಚ್ಚುತ್ತವೆ. ಮನುಷ್ಯರ ಮೊನೊಸೈಟ್‌ಗಳು ಈ ಅವಧಿಯಲ್ಲಿ ವಿಭಜನೆಗೊಳ್ಳುವುದು ತೀರಾ ಕಡಿಮೆಯಾದ್ದರಿಂದ, ಆರಂಭದಲ್ಲಿ ಇಟ್ಟದ್ದಕ್ಕಿಂತ ಹೆಚ್ಚು ಮ್ಯಾಕ್ರೊಫೇಜ್‌ಗಳನ್ನು ನಿರೀಕ್ಷಿಸುವಂತಿಲ್ಲ. ಅವು ನಿಜಕ್ಕೂ ಭಕ್ಷಕ ಕೋಶಗಳಾಗಿವೆಯೇ ಎಂದು ತಿಳಿಯಲು, ಹೊಳೆಯುವ ಬಣ್ಣ ಹಚ್ಚಿದ ಬ್ಯಾಕ್ಟೀರಿಯಾ ಅಥವಾ ಸೂಕ್ಷ್ಮ ಮಣಿಗಳನ್ನು ಕೊಟ್ಟು, ನುಂಗುತ್ತವೆಯೇ ಎಂದು ನೋಡುವುದೇ ನನ್ನ ದೃಷ್ಟಿಯಲ್ಲಿ ಅತ್ಯಂತ ಮನದಟ್ಟಾಗುವ ಪರೀಕ್ಷೆ.

ಮೊನೊಸೈಟ್‌ನ ಭವಿಷ್ಯ ಮೊದಲೇ ನಿಗದಿಯಾಗಿರುವುದಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ಎಂ-ಸಿಎಸ್‌ಎಫ್ ಬದಲು ಜಿಎಂ-ಸಿಎಸ್‌ಎಫ್ ಎಂಬ ಇನ್ನೊಂದು ಸಂಕೇತ ಪ್ರೋಟೀನನ್ನು ಕೊಟ್ಟರೆ ಬೇರೆ ಸ್ವಭಾವದ ಮ್ಯಾಕ್ರೊಫೇಜ್ ಬರುತ್ತದೆ. ಜಿಎಂ-ಸಿಎಸ್‌ಎಫ್ ಜೊತೆಗೆ ಇಂಟರ್‌ಲ್ಯೂಕಿನ್-4 ಎಂಬ ಸಂಕೇತ ಪ್ರೋಟೀನನ್ನೂ ಸೇರಿಸಿದರೆ ಮ್ಯಾಕ್ರೊಫೇಜ್ ಅಲ್ಲ, ಡೆಂಡ್ರೈಟಿಕ್ ಕೋಶ ಎಂಬ ಬೇರೆಯೇ ಬಗೆಯ ರಕ್ಷಣಾಕೋಶ ರೂಪುಗೊಳ್ಳುತ್ತದೆ. ಪಕ್ವವಾದ ಮ್ಯಾಕ್ರೊಫೇಜ್‌ಗಳಿಗೂ ಇಂಟರ್‌ಫೆರಾನ್-ಗಾಮಾ ಎಂಬ ಸಂಕೇತ ಪ್ರೋಟೀನು ಮತ್ತು ಬ್ಯಾಕ್ಟೀರಿಯಾದ ಹೊರಪೊರೆಯಲ್ಲಿರುವ ಲಿಪೊಪಾಲಿಸ್ಯಾಕರೈಡ್ ಕೊಟ್ಟರೆ ಅವು ಉರಿಯೂತವನ್ನು ಕೆರಳಿಸುತ್ತವೆ. ಇಂಟರ್‌ಲ್ಯೂಕಿನ್-4 ಕೊಟ್ಟರೆ ಗಾಯದ ದುರಸ್ತಿಗೆ ಸಂಬಂಧಿಸಿದ ಗುಣಗಳನ್ನು ತೋರುತ್ತವೆ. ಇವನ್ನು ಕ್ರಮವಾಗಿ ಎಂ1, ಎಂ2 ಎಂದು ಕರೆಯುವ ರೂಢಿ ಇನ್ನೂ ಇದೆ. ಆದರೆ ಯಾವ ಸಂಕೇತ ಕೊಡಲಾಯಿತು ಎಂಬುದನ್ನೇ ಹೆಸರಿನಲ್ಲಿ ಸೂಚಿಸಬೇಕೆಂದು ಈ ಕ್ಷೇತ್ರದ ಹಲವು ಸಂಶೋಧಕರು 2014ರಲ್ಲಿ ಸಲಹೆ ನೀಡಿದರು, ಮತ್ತು ಅದೇ ಸರಿ. ದ್ರಾವಣದಲ್ಲಿ ಲಿಪೊಪಾಲಿಸ್ಯಾಕರೈಡ್ ಲೇಶಮಾತ್ರ ಕಲಬೆರಕೆಯಾದರೂ ಫಲಿತಾಂಶ ಕೆಡುತ್ತದೆ.

ದಾನಿಯಿಂದ ದಾನಿಗೆ ಕಾಣುವ ವ್ಯತ್ಯಾಸವನ್ನು ತಪ್ಪಿಸಲು ಹಲವರು ಟಿಎಚ್‌ಪಿ-1 ಕೋಶಗಳನ್ನು ಪಿಎಂಎ ಎಂಬ ರಾಸಾಯನಿಕದಿಂದ ಮಾರ್ಪಡಿಸಿ ಬಳಸುತ್ತಾರೆ. ಇವು ರಕ್ತಕ್ಯಾನ್ಸರ್ ಇದ್ದ ಮಗುವೊಂದರಿಂದ ಬಂದ, ನಿರಂತರವಾಗಿ ವಿಭಜನೆಗೊಳ್ಳುವ ಕೋಶಗಳು. ಅನುಕೂಲಕರ ನಿಜ, ಆದರೆ ಆರೋಗ್ಯವಂತರ ಮೊನೊಸೈಟ್‌ಗೆ ಪೂರ್ಣ ಬದಲಿಯಲ್ಲ.

ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ: ಭಾಗಶಃ ಮಾತ್ರ. ಸೋಂಕು ಅಥವಾ ಗಾಯವಾದ ಜಾಗಕ್ಕೆ ರಕ್ತದಿಂದ ಬಂದು ಸೇರುವ ಮ್ಯಾಕ್ರೊಫೇಜ್‌ಗಳಿಗೆ ತಟ್ಟೆಯಲ್ಲಿ ಬೆಳೆದವು ಸಾಕಷ್ಟು ಹತ್ತಿರ. ಆದರೆ ಅಂಗಾಂಶಗಳಲ್ಲಿ ನೆಲೆಸಿರುವ ಮ್ಯಾಕ್ರೊಫೇಜ್‌ಗಳೆಲ್ಲವೂ ಮೊನೊಸೈಟ್‌ನಿಂದ ಬಂದವಲ್ಲ. ಮಿದುಳಿನಲ್ಲಿ ನೆಲೆಸಿರುವ ಮ್ಯಾಕ್ರೊಫೇಜ್‌ಗಳಾದ ಮೈಕ್ರೊಗ್ಲಿಯಾಗಳ ಮೂಲ ಭ್ರೂಣದ ಹಳದಿಚೀಲದಲ್ಲಿದೆ. ಅವುಗಳ ಅಧ್ಯಯನಕ್ಕಾಗಿ ಸಂಶೋಧಕರು ಈಗ ಆಕರಕೋಶಗಳಿಂದಲೂ ಮೈಕ್ರೊಗ್ಲಿಯಾದಂಥ ಕೋಶಗಳನ್ನು ರೂಪಿಸುತ್ತಿದ್ದಾರೆ.